ಎರಡು ಬಿಸಿಲಿನ ಬೇಸಿಗೆ

ಬ್ರಹ್ಮಾವರದಲ್ಲಿ ಬೈಂದೂರಿನ ಬಸ್ಸು ಹತ್ತಿ ಕೂತು ಸ್ವಲ್ಪ ಹೊತ್ತಿಗೆ ಒಣಮೀನಿನ ವಾಸನೆ ಎದ್ದಿತು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದುಕೊಂಡರು. ಕಂಡಕ್ಟರ್ ಟಿಕೆಟ್ ಹರಿಯುತ್ತ, ಇದು ಯಾರ ಚೀಲ, ಹಿಂದೆ ಡಿಕ್ಕಿಯಲ್ಲಿ ಹಾಕಬಾರದಿತ್ತೇ ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದ. ನಾನೂ ಎಲ್ಲರಂತೆ ಅತ್ತಿತ್ತ ನೋಡಿದೆ. ಚೀಲ ನನ್ನ ಕಾಲ ಬುಡದಲ್ಲೇ ಇತ್ತು.

ಒಳಗಿದ್ದುದು ಬ್ರಹ್ಮಾವರದ ಸಂತೆಯಲ್ಲಿ ಕೊಂಡ ಒಣ ಬಂಗಡೆ. ಬೈಂದೂರಿನ ಹತ್ತಿರ ಯಡ್ತರೆಯಲ್ಲಿ ಮಗಳ ಮನೆಯಲ್ಲಿರುವ ಗಿರಿಜಕ್ಕನಿಗೆ ಒಯ್ಯುತ್ತಿದ್ದೆ. ಗೊತ್ತಿದ್ದವರು ಕೇಳಿದರೆ ನಗುತ್ತಾರೆ. ಮಳೆಗಾಲದ ಒಣಮೀನು ಎಂದರೆ ತ್ರಾಸಿಯ ಗಿರಿಜಕ್ಕನ ಕೈಯದೇ ಆಗಬೇಕು ಎನ್ನುವ ಮನೆಗಳು ಬಾರ್ಕೂರಿನಿಂದ ಬೈಂದೂರಿನವರೆಗೂ ಇದ್ದವು. ಅಂಥವರಿಗೆ ಸಂತೆಯ ಮೀನು ಕೊಂಡೊಯ್ಯುವುದು ತಮಾಷೆಯ ಮಾತೇ. ಆದರೆ ಅವರು ಮೀನು ಒಣಗಿಸುವುದನ್ನು ಬಿಟ್ಟು ಮೂರು ಮಳೆಗಾಲ ಕಳೆಯಿತು. ಬಿಡುವ ಹಾಗೆ ಮಾಡಿದವಳು ನಾನು. ಹಾಗೆಂದು ನಾನು ಹೇಳುತ್ತೇನೆ, ಅವರು ಒಪ್ಪುವುದಿಲ್ಲ. ಒಪ್ಪಿ ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕುಂದಾಪುರ ದಾಟಿ, ತ್ರಾಸಿಯಲ್ಲಿ ಎಡಕ್ಕೆ ಸಮುದ್ರ ತೆರೆದುಕೊಳ್ಳುವಾಗ ಬಲಕ್ಕೆ ಏರು ಜಾಗದಲ್ಲಿ ಅದು ಕಾಣಿಸಿತು. ಎಂಟು ಅಂತಸ್ತಿನ ಗಾಜಿನ ಕಟ್ಟಡ. ಮುಂಬೈಯಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಮ್ಮ ಕಡೆಗೆ ಅದೇ ಮುಗಿಲು ಮುಟ್ಟುವಂಥದ್ದು. ಬಸ್ಸಿನಲ್ಲಿದ್ದವರೆಲ್ಲ ವಾಸನೆ ಮರೆತು ಕತ್ತೆತ್ತಿ ನೋಡಿದರು. ಯಾರೋ ಮೊಬೈಲಿನಲ್ಲಿ ಫೋಟೊ ತೆಗೆದರು. ನಾನು ಎಡಗಡೆಯ ಮರಳನ್ನು ನೋಡಿದೆ. ಮೂರೂವರೆಯ ಹೊತ್ತಿಗೆ ಬೀಳಬೇಕಾದ ಕಡೆಯಲ್ಲೇ ಗಾಜಿನ ಬೆಳಕು ಬಿದ್ದಿತ್ತು.

ನನ್ನ ಕಸುಬು ಗಾಜಿನ ಹೊದಿಕೆ. ಕಟ್ಟಡದ ಎಲುಬು ಬೇರೆಯವರದು, ಚರ್ಮ ನನ್ನದು. ಎಷ್ಟು ದಪ್ಪದ ಗಾಜು, ಯಾವ ಅಲ್ಯೂಮಿನಿಯಂ ಚೌಕಟ್ಟು, ಗಾಳಿ ಎಷ್ಟು ಒತ್ತುತ್ತದೆ, ಮಳೆ ನೀರು ಯಾವ ಸಂದಿಯಿಂದ ನುಗ್ಗುತ್ತದೆ, ಇಂಥವನ್ನೇ ಯೋಚಿಸಿ ಮುಂಬೈಯ ಕಚೇರಿಯೊಂದರಲ್ಲಿ ಹದಿಮೂರು ವರ್ಷ ಕಳೆದವಳು ನಾನು. ಈ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪವಿರುತ್ತದೆ. ಅದು ಬೆಳಕನ್ನು ಒಳಗೆ ಬಿಟ್ಟು ಬಿಸಿಯನ್ನು ಹೊರಗೆ ತಳ್ಳುತ್ತದೆ. ಒಳಗೆ ಕೂತವರಿಗೆ ತಂಪು, ಕರೆಂಟು ಉಳಿತಾಯ, ಎಲ್ಲರಿಗೂ ಸಂತೋಷ. ಹೊರಗೆ ತಳ್ಳಿದ ಬಿಸಿ ಎಲ್ಲಿಗೆ ಹೋಗುತ್ತದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಕಟ್ಟಡದ ಧಣಿ ಈ ಕಡೆಯವರೇ. ಮುಂಬೈಯಲ್ಲಿ ಹೋಟೆಲು ನಡೆಸಿ ದೊಡ್ಡವರಾದವರು. ತಮ್ಮ ಹೋಟೆಲುಗಳ ಕಚೇರಿ ಕೆಲಸವೆಲ್ಲ ಊರಲ್ಲೇ ಆಗಲಿ, ಇಲ್ಲಿನ ಹುಡುಗ ಹುಡುಗಿಯರು ಮನೆಯ ಊಟ ಮಾಡಿಕೊಂಡೇ ದುಡಿಯಲಿ ಎನ್ನುವುದು ಅವರ ಮನಸ್ಸು. ಅದರಲ್ಲಿ ತಪ್ಪು ಹುಡುಕಲು ನನಗೆ ಆಗುವುದಿಲ್ಲ. ಅವರಿಗೆ ಇನ್ನೊಂದು ಆಸೆಯೂ ಇತ್ತು. ಕಟ್ಟಡ ಸಮುದ್ರವನ್ನು ಅಪ್ಪಿಕೊಳ್ಳುವ ಹಾಗೆ ಕಾಣಬೇಕಂತೆ. ಆರ್ಕಿಟೆಕ್ಟ್ ಪಡುವಣದ ಮುಖವನ್ನು ಒಳಕ್ಕೆ ಬಾಗಿಸಿ, ಎರಡು ತುದಿಗಳು ತೋಳಿನಂತೆ ಮುಂದೆ ಬರುವಂತೆ ಬರೆದರು. ಬಾಗಿದ ಗಾಜು ಮಾಡಿಸುವುದು ತಲೆನೋವಿನ ಕೆಲಸ. ಅದರ ಬದಲು ಚಪ್ಪಟೆ ಗಾಜುಗಳನ್ನೇ ಒಂದರ ಪಕ್ಕ ಒಂದನ್ನು ತುಸು ತುಸು ಓರೆಯಾಗಿ ನಿಲ್ಲಿಸಿದರೆ ದೂರಕ್ಕೆ ಬಾಗಿದಂತೆಯೇ ಕಾಣುತ್ತದೆ. ಯಾವ ಗಾಜು ಎಷ್ಟು ಓರೆ ಎಂದು ಲೆಕ್ಕ ಹಾಕಿದವಳು ನಾನು. ಅಪ್ಪುಗೆ ಬಹಳ ಚೆನ್ನಾಗಿ ಬಂತು.

ಹೆದ್ದಾರಿಯಲ್ಲಿ ಹೋಗುವ ಡ್ರೈವರುಗಳ ಕಣ್ಣಿಗೆ ಬೆಳಕು ಹೊಡೆಯಬಾರದು ಎಂದು ಮಾತ್ರ ನಾವು ಜಾಗ್ರತೆಯಿಂದ ನೋಡಿದ್ದೆವು. ಉಡುಪಿ ಕಡೆಯಿಂದ ಬರುವ ಲಾರಿ, ಬೈಂದೂರು ಕಡೆಯಿಂದ ಬರುವ ಬಸ್ಸು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ ಹೊಡೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದೆ. ರಸ್ತೆಯಿಂದಾಚೆಗೆ ನಮ್ಮ ನಕಾಶೆಯಲ್ಲಿ ಮರಳು ಬರೀ ಖಾಲಿ ಬಿಳಿ ಜಾಗ, ಅದರಾಚೆಗೆ ನೀಲಿ. ಬಾರ್ಕೂರಿನಲ್ಲಿ ಹುಟ್ಟಿ, ಪ್ರತಿ ಮಳೆಗಾಲವೂ ಒಣಮೀನು ತಿಂದು ಬೆಳೆದ ನನಗೆ ಆ ಬಿಳಿ ಜಾಗದಲ್ಲಿ ಏನು ನಡೆಯುತ್ತದೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗಾಜು ಕೂರಿಸುವ ಕೆಲಸ ಮಳೆ ಹಿಡಿಯುವ ಮೊದಲು ಮುಗಿಯಬೇಕೆಂದು ಆ ವರ್ಷ ನನ್ನನ್ನು ಬೇಸಿಗೆ ಪೂರ್ತಿ ತ್ರಾಸಿಗೆ ಕಳಿಸಿದರು. ನಾನು ಬಾರ್ಕೂರಿನಲ್ಲಿ ಅಮ್ಮ, ಅಣ್ಣ, ಅತ್ತಿಗೆ ಇರುವ ಮನೆಯಲ್ಲೇ ಉಳಿದು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆ ಸೆಕೆಯನ್ನು ನೆನೆದರೆ ಈಗಲೂ ಬೆನ್ನು ಒದ್ದೆಯಾಗುತ್ತದೆ. ಬೆಳಿಗ್ಗೆ ಸ್ನಾನ ಮಾಡಿ ಹೊರಟರೆ ಬಸ್ಸು ಇಳಿಯುವಾಗ ಇನ್ನೊಂದು ಸ್ನಾನ ಆಗಿರುತ್ತಿತ್ತು. ಮಧ್ಯಾಹ್ನದ ಕಡಲಗಾಳಿ ಎದ್ದರೆ ಗಾಜು ಮೇಲೆತ್ತುವಂತಿಲ್ಲ. ಗಾಳಿ ಇಳಿದರೆ ಬೆವರು ಕಣ್ಣಿಗೆ ಇಳಿದು ಏನೂ ಕಾಣುವುದಿಲ್ಲ. ಹಗ್ಗಕ್ಕೆ ತೂಗಿಕೊಂಡು ಕೆಲಸ ಮಾಡುವವರು ಸಂಜೆ ಕೆಳಗಿಳಿದರೆ ಅವರ ತೋಳಿನ ಮೇಲೆ ಉಪ್ಪು ಬಿಳಿಯಾಗಿ ಕಟ್ಟಿರುತ್ತಿತ್ತು. ಗಾಜಿನ ಮೇಲೂ ಅದೇ ಉಪ್ಪು. ತೊಳೆದು ಮುಗಿಸುವಷ್ಟರಲ್ಲಿ ಮತ್ತೆ ಬಂದು ಕೂರುತ್ತಿತ್ತು.

ಐದನೆಯ ಅಂತಸ್ತಿನವರೆಗೆ ಗಾಜು ಏರಿದ ಮೇಲೆ ಒಂದು ಮಧ್ಯಾಹ್ನ, ಅಪ್ಪುಗೆ ದೂರದಿಂದ ಹೇಗೆ ಕಾಣುತ್ತದೆ ಎಂದು ನೋಡಲು ರಸ್ತೆ ದಾಟಿ ಮರಳಿಗೆ ಇಳಿದೆ. ಮರಳಿನ ಮೇಲೆ ಉದ್ದಕ್ಕೆ ಒಂದು ಬೆಳಕಿನ ಪಟ್ಟೆ ಬಿದ್ದಿತ್ತು. ಕಾಲಿಟ್ಟರೆ ಚಪ್ಪಲಿಯ ಅಡಿಯಿಂದ ಬಿಸಿ ಹತ್ತಿತು. ಆ ಪಟ್ಟೆಯ ಪಕ್ಕದಲ್ಲಿ, ಬಲೆಯ ತುಂಡುಗಳ ಮೇಲೆ ಸಾಲಾಗಿ ಬಂಗಡೆ ಹರಡಿ, ತಲೆಗೆ ಟವೆಲು ಸುತ್ತಿ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು ಅರವತ್ತು ದಾಟಿದ ಹೆಂಗಸೊಬ್ಬರು. ಅವರೇ ಗಿರಿಜಕ್ಕ. ಅವರು ಒಮ್ಮೆ ಪಟ್ಟೆಯನ್ನು, ಒಮ್ಮೆ ಕಟ್ಟಡವನ್ನು, ಒಮ್ಮೆ ನನ್ನ ತಲೆಯ ಮೇಲಿನ ಹೆಲ್ಮೆಟನ್ನು ನೋಡಿದರು.

"ಹ್ವಾಯ್ ಹೆಣ್ಣೆ, ಆ ಕನ್ನಡಿ ನಿಮ್ದಾ?" ಎಂದು ಕೇಳಿದರು.

ದೂರು ಬಂತು, ಇನ್ನು ಪಂಚಾಯತಿ, ಧಣಿ, ಮುಂಬೈ ಆಫೀಸು ಎಂದು ಮನಸ್ಸಿನಲ್ಲೇ ಓಡಿದೆ. ಹೌದು ಎಂದು ಒಪ್ಪಿಕೊಂಡು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದುವರಿಸಿದರು.

"ನಾಳೆ ಈ ಬಿಸ್ಲ್ ಇಲ್ಲೇ ಬೀಳತ್ತಾ, ಇಲ್ಲ ಆಚಿಗ್ ಹೋತಾ? ಹೇಳ್, ನಾ ಮೀನ್ ಅಲ್ಲಿಗೇ ಹಾಕ್ತೆ."

ಈಗ ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೆ ಆ ಗಳಿಗೆಯಲ್ಲಿ ನನಗೆ ಆದ ಖುಷಿ ಸಣ್ಣದಲ್ಲ. ಹತ್ತು ವರ್ಷ ಈ ಕೆಲಸ ಮಾಡಿದ್ದೆ. ಇದರಿಂದ ನನಗೆ ಉಪಕಾರವಾಯಿತು ಎಂದು ಎದುರು ನಿಂತು ಹೇಳಿದ ಮೊದಲ ಮನುಷ್ಯರು ಅವರು. ಬೇಸಿಗೆಯಲ್ಲಿ ಸೂರ್ಯ ದಿನದಿನಕ್ಕೆ ಉತ್ತರಕ್ಕೆ ಸರಿಯುತ್ತಾನೆ, ಹಾಗಾಗಿ ಗಾಜಿನಿಂದ ಮರಳಿ ಬೀಳುವ ಬಿಸಿಲು ದಿನದಿನಕ್ಕೆ ದಕ್ಷಿಣಕ್ಕೆ, ಕುಂದಾಪುರದ ಕಡೆಗೆ ಸರಿಯುತ್ತದೆ. ನನ್ನ ಮೊಬೈಲಿನಲ್ಲಿ ಅದನ್ನು ಲೆಕ್ಕ ಹಾಕುವ ಉಪಾಯವಿತ್ತು. ನೋಡಿದೆ, ಹೆಜ್ಜೆ ಅಳೆದೆ, ಚಪ್ಪಲಿ ಬಿಚ್ಚಿ ಹಿಮ್ಮಡಿಯಿಂದ ಮರಳಿನಲ್ಲಿ ಒಂದು ಗೆರೆ ಎಳೆದೆ. ನಾಳೆ ಮೂರು ಗಂಟೆಯ ಮೇಲೆ ಇಲ್ಲಿಂದ ಅಲ್ಲಿಯವರೆಗೆ ಎಂದೆ. ಮರುದಿನ ಬೆಳಕು ಸರಿಯಾಗಿ ಆ ಗೆರೆಯ ಮೇಲೆ ಬಂದು ನಿಂತಿತು. ಗಿರಿಜಕ್ಕ ನನ್ನನ್ನು ನೋಡಿದ ನೋಟ, ಪಂಚಾಂಗ ಹೇಳುವ ಭಟ್ಟರನ್ನು ನೋಡುವ ನೋಟವಾಗಿತ್ತು. ನಾನೂ ಭಟ್ಟರ ಗತ್ತಿನಲ್ಲೇ ನಿಂತಿದ್ದೆ.

ಆಮೇಲೆ ಅದೇ ನಮ್ಮ ದಿನಚರಿ ಆಯಿತು. ಸಂಜೆ ಬಸ್ಸಿಗೆ ಹೋಗುವ ಮೊದಲು ನಾನು ಮರಳಿಗೆ ಇಳಿಯಬೇಕು, ಗೆರೆ ಎಳೆಯಬೇಕು. ಅಲೆ ಅಷ್ಟು ಮೇಲೆ ಬರುವುದಿಲ್ಲವಾದ್ದರಿಂದ ಗೆರೆ ಬೆಳಗಿನವರೆಗೆ ಉಳಿಯುತ್ತಿತ್ತು. ಅವರು ನನ್ನನ್ನು ಕನ್ನಡಿ ಹೆಣ್ಣು ಎಂದು ಕರೆಯತೊಡಗಿದರು. ದೇವರು ಊರಿಗೆಲ್ಲ ಒಂದೇ ಸೂರ್ಯ ಕೊಟ್ಟ, ನನಗೆ ಮಾತ್ರ ಎರಡು ಎಂದು ದಾರಿಯಲ್ಲಿ ಹೋಗುವವರನ್ನು ಕರೆದು ಹೇಳುತ್ತಿದ್ದರು. ಒಂದು ದಿನ ತಟ್ಟೆಯಲ್ಲಿ ಗಂಜಿ, ಸುಟ್ಟ ಒಣಮೀನಿನ ಚಟ್ನಿ ತಂದಿಟ್ಟು, ತಿಂದು ಮುಗಿಸುವವರೆಗೆ ಎದುರು ಕೂತಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಯಡ್ತರೆಯಲ್ಲಿ ಮದುವೆಯಾಗಿರುವ ಮಗಳು ಬಂದಿರು ಎಂದು ವರ್ಷವೂ ಕರೆಯುತ್ತಾಳೆ, ನನ್ನ ಮೀನು ತಿನ್ನುವ ಮನೆಗಳನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದು ಹೇಳಿ ನಕ್ಕರು.

ಅವರ ಕೆಲಸದ ಕ್ರಮವನ್ನು ನಾನು ಆಗ ಕಲಿತೆ. ಮೀನನ್ನು ಬೆನ್ನು ಸೀಳಿ ಉಪ್ಪಿನಲ್ಲಿ ಒಂದು ರಾತ್ರಿ ಇಟ್ಟು, ತೊಳೆದು ಹರಡುತ್ತಾರೆ. ಸಂಜೆ ಅದನ್ನೆಲ್ಲ ಒಟ್ಟು ಮಾಡಿ, ಗೋಣಿ ಹೊದೆಸಿ, ಮೇಲೆ ಕಲ್ಲು ಹೇರುತ್ತಾರೆ. ರಾತ್ರಿ ಒಳಗಿನ ತೇವ ಹೊರಗೆ ಬರುತ್ತದೆ. ಮರುದಿನ ಮತ್ತೆ ಬಿಸಿಲು, ಮತ್ತೆ ಗೋಣಿ. ಹೀಗೆ ಮೂರು ದಿನ, ಕೆಲವೊಮ್ಮೆ ನಾಲ್ಕು. ಸಾಕೋ ಬೇಕೋ ಎಂದು ಹೇಳುವುದು ಅವರ ಬಲಗೈಯ ಹೆಬ್ಬೆರಳು. ಮೀನಿನ ಬೆನ್ನಿನ ದಪ್ಪ ಭಾಗವನ್ನು ಒತ್ತಿದರೆ ತಗ್ಗಬಾರದು. ಆ ಬೆರಳು ಆಗಿದೆ ಎಂದರೆ ಆ ಮೀನು ದೀಪಾವಳಿಯವರೆಗೆ ಡಬ್ಬಿಯಲ್ಲಿ ಹಾಗೇ ಇರುತ್ತದೆ. ಗಿರಿಜಕ್ಕ ಒತ್ತಿದ ಮೀನು ಎಂದೇ ಜನ ಕೊಳ್ಳುತ್ತಿದ್ದುದು. ನನಗೂ ಒಂದು ಮೀನು ಕೊಟ್ಟು ಒತ್ತಿಸಿ, ಇದು ಆಗಿದೆ, ಇದು ಆಗಿಲ್ಲ ಎಂದು ಕಲಿಸಿದರು.

ಎರಡು ಬಿಸಿಲು ಬೀಳತೊಡಗಿದ ಮೇಲೆ ಮೂರು ದಿನದ ಮೀನು ಒಂದೂವರೆ ದಿನಕ್ಕೇ ಒತ್ತಿದರೆ ತಗ್ಗದಷ್ಟು ಗಟ್ಟಿಯಾಯಿತು. ಮೊದಲ ದಿನ ಗಿರಿಜಕ್ಕನಿಗೂ ಆಶ್ಚರ್ಯ. ಒತ್ತಿದರು, ಇನ್ನೊಂದನ್ನು ಒತ್ತಿದರು, ನನ್ನ ಕೈಗೆ ಕೊಟ್ಟು ಒತ್ತಲು ಹೇಳಿದರು. ಮರದ ತುಂಡಿನ ಹಾಗಿತ್ತು. ನಾನು ದೊಡ್ಡ ಜಾಣೆಯಂತೆ, ಬಿಸಿಲು ಎರಡಾದರೆ ದಿನ ಅರ್ಧ, ಲೆಕ್ಕ ಸರಿಯೇ ಇದೆ ಎಂದೆ. ಅಷ್ಟು ಹೇಳಿದ್ದೇ ಸಾಕಾಯಿತು. ಗೋಣಿಯಡಿಯ ಎರಡನೆಯ ರಾತ್ರಿ, ಮೂರನೆಯ ದಿನ, ಎಲ್ಲವೂ ಬಿಟ್ಟುಹೋದವು. ಖಾಲಿಯಾದ ಜಾಗಕ್ಕೆ ಹೊಸ ಮೀನು ಬಂತು. ದೋಣಿಗಳು ಮಳೆಗಾಲದ ರಜೆಗೆ ದಡ ಸೇರುವ ಮೊದಲು ಸಿಕ್ಕಷ್ಟು ಬಂಗಡೆ ಒಣಗಿಸಿ, ಹಿಂದೆಲ್ಲ ಇಲ್ಲ ಎಂದು ಕಳಿಸಿದ್ದ ಮನೆಗಳಿಗೂ ಈ ಸಲ ಕೊಡುತ್ತೇನೆ ಎಂದು ಅವರು ಮಾತು ಕೊಟ್ಟರು. ಅವರಿಗೆ ಅದು ವ್ಯಾಪಾರಕ್ಕಿಂತ ಹೆಚ್ಚಾಗಿ ಮರ್ಯಾದೆಯ ಮಾತಾಗಿತ್ತು.

ಅಮ್ಮನಿಗೆಂದು ನಾನೂ ಒಂದು ಚೀಲ ಮೀನು ಬಾರ್ಕೂರಿಗೆ ತಂದೆ. ಅಮ್ಮ ಅದನ್ನು ಮೊರದಲ್ಲಿ ಹರಡಿ, ತಿರುಗಿಸಿ ನೋಡಿ, ಮೊನ್ನೆ ತಾನೇ ಹಸಿ ಮೀನು ಬಂತು ಅಂದಿದ್ದೆಯಲ್ಲ, ಇಷ್ಟು ಬೇಗ ಆಯಿತೇ ಎಂದು ಕೇಳಿದರು. ನಾನು ಎರಡು ಸೂರ್ಯನ ಕತೆ ಹೇಳಿದೆ. ಅಮ್ಮ ಮೊರವನ್ನು ಇನ್ನೊಮ್ಮೆ ಕುಲುಕಿ, ಗಿರಿಜಕ್ಕ ಒತ್ತಿ ಕೊಟ್ಟಿದ್ದಾಳಲ್ಲ, ಹಾಗಾದರೆ ಸರಿ ಎಂದು ಡಬ್ಬಿಗೆ ತುಂಬಿದರು. ಇನ್ನೊಂದು ದಿನ ನಮ್ಮ ಅಂಗಳದಲ್ಲಿ ಹಾಕೋಣ ಎಂದು ಅವರ ಬಾಯಿಗೆ ಬಂದಿತ್ತೋ ಏನೋ. ಮಗಳು ಇಂಜಿನಿಯರು, ಒಣಗಿಸಿದವಳು ಗಿರಿಜಕ್ಕ, ಇಬ್ಬರ ಮುಂದೆ ಅವರು ತಮ್ಮ ಮಾತನ್ನು ನುಂಗಿಕೊಂಡರು ಎಂದು ನನಗೆ ಈಗ ಅನಿಸುತ್ತದೆ.

ಮೇ ತಿಂಗಳ ಕೊನೆಗೆ ಪಡುವಣದಲ್ಲಿ ಮೋಡ ಕಟ್ಟತೊಡಗಿತು. ನಾವು ಗಾಜಿಗೆ ಪೈಪಿನಿಂದ ನೀರು ಹೊಡೆದು ಸೋರುತ್ತದೆಯೇ ಎಂದು ನೋಡಿದೆವು. ಒಂದು ಹನಿಯೂ ಒಳಗೆ ಬರಲಿಲ್ಲ. ಧಣಿ ಬಂದು ರಸ್ತೆಯ ಆಚೆ ನಿಂತು, ಕಟ್ಟಡವನ್ನು ಕಣ್ಣು ತುಂಬ ನೋಡಿ, ನನ್ನ ಬೆನ್ನು ತಟ್ಟಿದರು. ಅದೇ ವಾರ ಗಿರಿಜಕ್ಕನ ಕೊನೆಯ ಚೀಲವೂ ಬೈಂದೂರಿಗೆ ಹೋಯಿತು. ನಾನು ಹೊರಡುವ ದಿನ ಮರಳಿಗೆ ಇಳಿದಾಗ ಬಿಸಿಲೇ ಇರಲಿಲ್ಲ, ಗೆರೆ ಎಳೆಯುವ ಕೆಲಸವೂ ಇರಲಿಲ್ಲ. ಅವರು ನನ್ನ ಎರಡೂ ಕೈ ಹಿಡಿದು, ಬರುವ ವರ್ಷವೂ ನಿನ್ನ ಬಿಸಿಲು ಇರುತ್ತದಲ್ಲ ಎಂದು ಕೇಳಿದರು. ಕಟ್ಟಡ ಇರುವಷ್ಟು ಕಾಲ ಇರುತ್ತದೆ ಎಂದೆ.

ಆಸಾಡಿ ತಿಂಗಳ ಮಳೆ ಹಿಡಿದು ಹಗಲು ರಾತ್ರಿ ಒಂದಾಗಿದ್ದಾಗ ನಾನು ರಜೆ ಹಾಕಿ ಬಾರ್ಕೂರಿಗೆ ಬಂದಿದ್ದೆ. ತರಕಾರಿ ಇಲ್ಲ, ಹಸಿ ಮೀನಿಲ್ಲ, ಇವತ್ತು ಒಣಮೀನೇ ಸುಡುವುದು ಎಂದು ಅಮ್ಮ ಡಬ್ಬಿಯ ಮುಚ್ಚಳ ತೆಗೆದರು. ತೆಗೆದವರು ಮುಖವನ್ನು ಪಕ್ಕಕ್ಕೆ ತಿರುಗಿಸಿದರು. ಅದು ಒಣಮೀನಿನ ವಾಸನೆಯಲ್ಲ, ಕೊಳೆತದ್ದರ ವಾಸನೆ. ಮೇಲಿನಿಂದ ನೋಡಿದರೆ ಮೀನು ಚೆನ್ನಾಗಿಯೇ ಕಾಣುತ್ತಿತ್ತು. ಅಮ್ಮ ಒಂದನ್ನು ಮುರಿದರು. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಬೆನ್ನೆಲುಬಿನ ಸುತ್ತ ಕೆಂಪಗೆ ಮೆತ್ತಗಾಗಿ ಹುಳ ಆಡುತ್ತಿತ್ತು.

ನನಗೆ ತಕ್ಷಣ ಅರ್ಥವಾಯಿತು, ಯಾಕೆಂದರೆ ಅದು ನನ್ನದೇ ಕಸುಬಿನ ಪಾಠ. ನಾವು ಎರಡು ಗಾಜುಗಳನ್ನು ಜೋಡಿಸಿ ಅಂಚನ್ನು ಬಿಗಿಯಾಗಿ ಮುಚ್ಚುತ್ತೇವೆ. ಮುಚ್ಚುವಾಗ ನಡುವೆ ತೇವ ಉಳಿದರೆ ಮುಗಿಯಿತು, ಹೊರಗಿನಿಂದ ಎಷ್ಟು ಒರೆಸಿದರೂ ಹೋಗದ ಮಂಜು ಒಳಗೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಮೊದಲು ಒಳಗಿನದು ಒಣಗಬೇಕು, ಆಮೇಲೆ ಹೊರಗಿನದು ಮುಚ್ಚಬೇಕು. ಎರಡು ಬಿಸಿಲು ಸೇರಿ ಮೀನಿನ ಹೊರಗನ್ನು ಮೊದಲೇ ಮುಚ್ಚಿಬಿಟ್ಟಿತ್ತು. ಒಳಗಿನ ನೀರಿಗೆ ಹೊರಗೆ ಬರಲು ದಾರಿ ಉಳಿಯಲಿಲ್ಲ. ಗೆರೆ ಎಳೆದು ಎಳೆದು ಅದನ್ನು ಮುಚ್ಚಿಸಿದವಳು ನಾನು. ಇಷ್ಟು ಸಣ್ಣ ವಿಷಯ ಗೊತ್ತಿದ್ದೂ ಆ ಬೇಸಿಗೆ ಪೂರ್ತಿ ನನಗೆ ಯಾಕೆ ನೆನಪಾಗಲಿಲ್ಲ ಎಂದು ಕೇಳಿಕೊಂಡರೆ ಬರುವ ಉತ್ತರ ಒಂದೇ. ಹೊಗಳಿಸಿಕೊಳ್ಳುವುದು ಹಿತವಾಗಿತ್ತು.

ಮರುದಿನ ಮಳೆಯಲ್ಲೇ ತ್ರಾಸಿಗೆ ಹೋದೆ. ಗಿರಿಜಕ್ಕ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ವಾಪಸು ಬಂದ ಮೀನಿನ ಚೀಲಗಳು. ಯಾರೂ ಜಗಳವಾಡಿರಲಿಲ್ಲವಂತೆ. ಬಂದವರೆಲ್ಲ ಮಳೆಯ ಮಾತಾಡಿ, ಚೀಲ ಇಟ್ಟು, ಏನೂ ಹೇಳದೆ ಹೋಗಿದ್ದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎಂದರು. ಮಾತಾಡುವಾಗಲೆಲ್ಲ ಅವರು ಎಡಗೈಯ ಬೆರಳುಗಳಿಂದ ಬಲಗೈಯ ಹೆಬ್ಬೆರಳನ್ನು ತಿಕ್ಕುತ್ತಿದ್ದರು.

ನಾನು ಕೂರಲೂ ಇಲ್ಲ. ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಮರೆತು ಒಂದೇ ಉಸಿರಿಗೆ ಹೇಳಿದೆ. "ಗಿರಿಜಕ್ಕ, ಹಾಳಾದ್ದ್ ನಿಮ್ ಕೈಯಿಂದ ಅಲ್ಲ. ನನ್ ಗಾಜಿಂದ. ಹೊರ್ಗೆ ಬೇಗ ಗಟ್ಟಿ ಆಯ್ತ್, ಒಳ್ಗಿನ್ ನೀರ್ ಒಳ್ಗೇ ಉಳಿತ್. ಬೆರಳಿಗ್ ಹೊರ್ಗಿಂದ್ ಮಾತ್ರ ಗೊತ್ತಾಪ್ದ್."

ಅವರು ನನ್ನನ್ನೇ ನೋಡಿದರು. ಸಿಟ್ಟಿಲ್ಲ. ಅತ್ತುಕೊಂಡು ಬಂದ ಮಗುವನ್ನು ನೋಡುವ ಹಾಗೆ ನೋಡಿದರು.

"ಬಿಸ್ಲ್ ಹೆಚ್ಚಾಯಿ ಮೀನ್ ಹಾಳಾದ್ದ್ ಎಲ್ಲಾದ್ರೂ ಕೇಂಡಿದ್ಯಾ ಮಗಾ? ಮೋಡ ಬಂದ್ರೆ ಹಾಳಾತ್ತ್, ಮಳಿ ಬಂದ್ರೆ ಹಾಳಾತ್ತ್. ಬಿಸ್ಲಿಗೆ ಎಂತ ಹಾಳಾಪ್ದ್? ನಂಗೆ ಬೇಜಾರಾಪ್ದ್ ಬ್ಯಾಡ ಅಂದೇಳಿ ನೀ ಹೇಳೂದ್. ನಂಗ್ ಗೊತ್ತಿತ್ತ್."

ಮತ್ತೆ ಹೇಳಿದೆ. ಗಾಜಿನ ಉದಾಹರಣೆ ಕೊಟ್ಟೆ, ಒಂದು ಮೀನು ಮುರಿದು ತೋರಿಸಿದೆ. ಅವರು ಹೂಂ ಹೂಂ ಎನ್ನುತ್ತ ಕೇಳಿದರು. ಕೊನೆಗೆ ತಮ್ಮ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದು, ಇದಕ್ಕೆ ವಯಸ್ಸಾಯಿತು, ಇಷ್ಟು ವರ್ಷ ದುಡಿದಿದೆ, ಇನ್ನು ಇದನ್ನು ನಂಬಿ ಜನರಿಗೆ ಮೀನು ಕೊಡುವುದು ಪಾಪ ಎಂದರು. ನನ್ನ ಮಾತನ್ನು ಅವರು ಸಮಾಧಾನ ಎಂದು ತೆಗೆದುಕೊಂಡರು. ಸತ್ಯವನ್ನು ಹೇಳಿಯೂ ನಾನು ಸುಳ್ಳಿಯಾದೆ. ಒಂದು ಲೋಟ ಬಿಸಿ ಚಹಾ ಕೊಟ್ಟು, ನೆನೆದ ತಲೆ ಒರೆಸಿಕೋ ಎಂದು ಟವೆಲು ಕೊಟ್ಟು ಕಳಿಸಿದರು.

ಅಷ್ಟಕ್ಕೇ ಬಿಡಬಾರದು ಎಂದು ಧಣಿಗೆ ಫೋನು ಮಾಡಿದೆ. ಗಾಜಿನ ಹೊರಗೆ ಉದ್ದುದ್ದ ಅಲ್ಯೂಮಿನಿಯಂ ಪಟ್ಟಿಗಳನ್ನು ನಿಲ್ಲಿಸಿದರೆ, ಇಲ್ಲವೇ ಬೆಳಕನ್ನು ಚೆದುರಿಸುವ ಮಬ್ಬು ಹಾಳೆ ಅಂಟಿಸಿದರೆ, ಬಿಸಿಲು ಒಂದೇ ಕಡೆ ಸೇರಿ ಬೀಳುವುದಿಲ್ಲ ಎಂದು ವಿವರಿಸಿದೆ. ಆಗ ಅಪ್ಪುಗೆ ಕಾಣುತ್ತದೆಯೇ ಎಂದು ಕೇಳಿದರು. ಅಷ್ಟು ಕಾಣುವುದಿಲ್ಲ ಎಂದೆ. ಅವರು ಕೆಟ್ಟ ಮನುಷ್ಯರಲ್ಲ. ಯಾರಿಗಾದರೂ ತೊಂದರೆಯಾಗಿದ್ದರೆ ಖಂಡಿತ ಮಾಡಿಸೋಣ ಎಂದು, ವಿಚಾರಿಸಿ ಬರಲು ತಮ್ಮ ಮ್ಯಾನೇಜರನ್ನು ಗಿರಿಜಕ್ಕನ ಮನೆಗೆ ಕಳಿಸಿದರು. ಆ ಕನ್ನಡಿಯಿಂದ ನನಗೆ ಉಪಕಾರ ಆದದ್ದೇ ಹೊರತು ಉಪದ್ರ ಇಲ್ಲ, ಅದನ್ನು ಮುಟ್ಟಬೇಡಿ, ಆ ಹೆಣ್ಣಿನ ಕೆಲಸ ಹಾಳು ಮಾಡಬೇಡಿ ಎಂದು ಗಿರಿಜಕ್ಕ ಹೇಳಿ ಕಳಿಸಿದರಂತೆ. ಧಣಿ ಅದನ್ನು ನನಗೆ ತಿಳಿಸುವಾಗ ಅವರ ದನಿಯಲ್ಲಿ ನಗುವಿತ್ತು. ಗಾಜು ಇದ್ದ ಹಾಗೇ ಉಳಿಯಿತು.

ಮುಂದಿನ ಬೇಸಿಗೆಗೆ ಗಿರಿಜಕ್ಕ ಬಲೆ ಹಾಸಲಿಲ್ಲ. ಮನೆಗೆ ಬೀಗ ಹಾಕಿ ಯಡ್ತರೆಗೆ ಮಗಳ ಮನೆಗೆ ಹೋದರು. ಅಂಥವರ ಕೈಯಲ್ಲೂ ಮೀನು ಕೆಟ್ಟ ಜಾಗ ಎಂದು ಬೇರೆ ಯಾರೂ ಅಲ್ಲಿ ಮೀನು ಹರಡಲಿಲ್ಲ. ಸಂಜೆ ಪ್ರವಾಸಿಗಳು ಆ ಬೆಳಕಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಖ ಬಹಳ ಚೆನ್ನಾಗಿ ಬರುತ್ತದಂತೆ. ನನ್ನ ಕಚೇರಿಯವರು ಈ ಕಟ್ಟಡದ ಚಿತ್ರವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರೆ. ಅದರ ಎದುರಿಗೇ ನನ್ನ ಮೇಜು.

ಬಸ್ಸು ಬೈಂದೂರಿಗೆ ಬಂತು. ಯಡ್ತರೆಯ ಮನೆಯಲ್ಲಿ ಗಿರಿಜಕ್ಕ ಬಾಗಿಲಲ್ಲೇ ಇದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಹಾಗೇ ಇದೆ. ಮಗಳು ಅಂಗಡಿಗೆ ಹೋಗಿದ್ದಳು. ಕನ್ನಡಿ ಹೆಣ್ಣು ಬಂತು ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಕರೆದರು. ಚೀಲ ಬಿಚ್ಚಿ, ಒಂದು ಮೀನು ತೆಗೆದು ಮೂಸಿ, ಉಪ್ಪು ಸರಿಯಾಗಿದೆ ಎಂದರು. ಅವರ ಬಲಗೈಯ ಹೆಬ್ಬೆರಳು ತಾನಾಗಿ ಮೀನಿನ ಬೆನ್ನಿನ ಕಡೆಗೆ ಹೋಯಿತು. ಮುಟ್ಟುವ ಮೊದಲೇ ಅವರು ಅದನ್ನು ಮಡಚಿಕೊಂಡು, ಮೀನನ್ನು ನನ್ನ ಕಡೆಗೆ ಚಾಚಿದರು.

"ನೀನೇ ಒತ್ತಿ ಕಾಣ್ ಹೆಣ್ಣೆ. ನನ್ ಬೆರಳನ್ನ್ ನಂಬೂಕಾಗ."

ನಾನು ಮೀನು ಹಿಡಿದುಕೊಂಡೇ ಕೂತೆ. ಅವರು ಅಂಗಳದ ಬಿಸಿಲನ್ನು ನೋಡಿದರು. ಆಮೇಲೆ, ಬಹಳ ದಿನದಿಂದ ಹೇಳಬೇಕೆಂದಿದ್ದುದನ್ನು ಹೇಳುವವರ ಹಾಗೆ ನನ್ನ ಮೊಣಕೈ ಮುಟ್ಟಿದರು.

"ನೀ ದಿನಾ ಬಂದ್ ಗೆರಿ ಎಳ್ದ್ ಕೊಟ್ಟದ್ದ್. ಅಷ್ಟ್ ಒಳ್ಳೆ ಬಿಸ್ಲ್. ನಾನೇ ಹಾಳ್ ಮಾಡ್ದೆ ಮಗಾ, ಮನ್ಸಿಗ್ ಹಚ್ಕಣ್ಬ್ಯಾಡ."

ಇಲ್ಲ ಗಿರಿಜಕ್ಕ, ಹಾಗಲ್ಲ ಎಂದು ಮತ್ತೆ ಶುರು ಮಾಡಿದೆ. ಅವರು ಆಗಲೇ ತಲೆ ಅಲ್ಲಾಡಿಸುತ್ತಿದ್ದರು. ಆ ತಲೆ ಅಲ್ಲಾಡುವುದು ನಿಲ್ಲುವಂಥದ್ದಲ್ಲ ಎಂದು ನನಗೆ ಗೊತ್ತಾಯಿತು. ಅವರು ನನ್ನ ಕೈಯನ್ನೇ ನೋಡುತ್ತ ಕಾಯುತ್ತಿದ್ದರು. ನಾನು ಮೀನಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದೆ. ತಗ್ಗಲಿಲ್ಲ. ಆಗಿದೆ ಎಂದೆ.

ಬಿಸಿಲೇ ಕೆಡಿಸಿತು ಎಂದಾಗ ನಂಬದವರು ಈ ಮಾತನ್ನು ಒಂದು ಸಲಕ್ಕೇ ನಂಬಿದರು. ಮೀನುಗಳನ್ನು ಒಂದೊಂದಾಗಿ ಡಬ್ಬಿಗೆ ಇಟ್ಟು, ಮಳೆಗಾಲಕ್ಕೆ ಸಾಕು ಎಂದು ಮುಚ್ಚಳ ಒತ್ತಿ ಹಾಕಿದರು. ನಾನು ನೋಡಿದ್ದು ಹೊರಗನ್ನು ಮಾತ್ರ.